ಒಂಬತ್ತು ಗಂಟೆಯ ಶೋ ಮಬ್ಬಾದದ್ದು ಯಾಕೆ?

ಟಾಕೀಸಿನಲ್ಲಿ ಪರದೆ ಮಬ್ಬಾದರೆ ಜನ ಏನು ಮಾಡುತ್ತಿದ್ದರು ಗೊತ್ತಲ್ಲ? ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ, ಗೋಡೆಯ ತೂತಿನ ಕಡೆ ನೋಡಿ, "ಏಯ್ ಆಪರೇಟರ್, ಫೋಕಸ್!" ಅಂತ ಬೊಬ್ಬೆ ಹೊಡೆಯುತ್ತಿದ್ದರು. ಜೊತೆಗೆ ಶಿಳ್ಳೆ! ನೀವು ಹೊಡೆದಿಲ್ಲ ಅಂದರೆ ನಿಮ್ಮ ಅಪ್ಪ ಖಂಡಿತ ಹೊಡೆದಿರುತ್ತಾರೆ. ಆ ಬೈಗುಳವನ್ನು ತೂತಿನ ಈಚೆ ಕಡೆ ನಿಂತು ಇಪ್ಪತ್ತೈದು ವರ್ಷ ಕೇಳಿದವನು ನಾನು.

1986ರಲ್ಲಿ ಮಂಗಳೂರಿನ ಒಂದು ಟಾಕೀಸಿಗೆ ಅಸಿಸ್ಟೆಂಟ್ ಆಪರೇಟರ್ ಆಗಿ ಸೇರಿದೆ. ಫಿಲ್ಮ್ ಡಬ್ಬ ಬರುವುದು ನಿಂತು ಡಿಜಿಟಲ್ ಪೆಟ್ಟಿಗೆ ಬಂದಾಗ ನನ್ನ ಕೈಗೆ ಕೆಲಸವಿಲ್ಲದೆ 2011ರಲ್ಲಿ ಬಿಟ್ಟೆ. ಟಾಕೀಸಿನ ಹೆಸರು ಬೇಡ ಬಿಡಿ. ನಮ್ಮ ಜ್ಯೋತಿ ಟಾಕೀಸೇ ಈಗ ಇಲ್ಲ, ಬಸ್ಸಿನ ಕಂಡಕ್ಟರ್ ಬಾಯಲ್ಲಿ ಸ್ಟಾಪಿನ ಹೆಸರಾಗಿ ಮಾತ್ರ ಉಳಿದಿದೆ. ನಾನು ಕೊಟ್ಟಾರದ ಮನೆಯಲ್ಲಿ ಕೂತು ಫ್ಯಾನು, ಮಿಕ್ಸಿ ರಿಪೇರಿ ಮಾಡಿಕೊಂಡು ಹೊಟ್ಟೆ ಹೊರೆಯುತ್ತಿದ್ದೇನೆ. ಇರಲಿ. ಹೇಳಬೇಕಾದ ಕಥೆ ಅದಲ್ಲ.

2023ರ ಜುಲೈ. ಮಂಗಳೂರಿನ ಮಳೆ ಹೇಳುವುದು ಬೇಡ. ಕೊಟ್ಟಾರ ಚೌಕಿಯಲ್ಲಿ ನೀರು ನಿಂತು ಸ್ಕೂಟರ್ ಅರ್ಧ ಮುಳುಗುವ ಕಾಲ. ನನ್ನ ಮಗನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿ ವೀಸಾ ಬಂದಿತ್ತು. ಹೊರಡುವುದಕ್ಕೆ ಮೂರೇ ವಾರ. ಅವನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಗೇಮ್ ಪೆಟ್ಟಿಗೆ ಉಂಟು. ಟಿ.ವಿ.ಗೆ ಸಿಕ್ಕಿಸಿ ಫುಟ್ಬಾಲ್ ಆಡುವಂಥದ್ದು. ಅದರಲ್ಲೇ ಸಿನಿಮಾ ಸಹ ಬರುತ್ತದೆ ಅಂತ ಅವನೇ ತೋರಿಸಿಕೊಟ್ಟ. "ಅಪ್ಪಾ, ಹೋಗುವ ಮೊದಲು ಮೂವರೂ ಕೂತು 'ಕಾಂತಾರ' ನೋಡುವಾ" ಅಂದ. ಚಿತ್ರ 2022ರಲ್ಲಿ ಬಂದಾಗ ಅವನು ಗೆಳೆಯರ ಜೊತೆ ಮೂರು ಸಲ ನೋಡಿದ್ದ. ಅವನ ಅಮ್ಮ ಮಾತ್ರ ನೋಡಿರಲಿಲ್ಲ. ಮಾಲಿನ ಮೆಟ್ಟಿಲು ಹತ್ತುವುದಕ್ಕೆ ಅವಳ ಮೊಣಕಾಲು ಒಪ್ಪುವುದಿಲ್ಲ.

ಭಾನುವಾರ ರಾತ್ರಿ ಒಂಬತ್ತಕ್ಕೆ ಶೋ ಇಟ್ಟೆವು. ಹತ್ತು ನಿಮಿಷ ಕನ್ನಡಿಯ ಹಾಗೆ ಚಿತ್ರ! ರಿಷಬ್ ಶೆಟ್ಟರ ಊರು ಕೆರಾಡಿಯ ಕಾಡು ಹಸಿರು ಹಸಿರಾಗಿ ಕಂಡಿತು. ಆಮೇಲೆ ನೋಡಿ, ರಾತ್ರಿಯ ದೃಶ್ಯ ಬಂದದ್ದೇ ತಡ, ಮುಖಗಳೆಲ್ಲ ಕರಗಿ ಹೋದವು. ಕತ್ತಲೆಯ ಜಾಗದಲ್ಲಿ ಚೌಕ ಚೌಕ ತುಂಡುಗಳು, ನೆಲಕ್ಕೆ ಹಾಸಿದ ಟೈಲ್ಸಿನ ಹಾಗೆ. ಸ್ವಲ್ಪ ಹೊತ್ತಿಗೆ ಸರಿಯಾಯಿತು. ಮತ್ತೆ ಕೆಟ್ಟಿತು. ಒಂದು ಸಲ ನಿಂತೇ ಹೋಗಿ ಬಿಳಿ ಚಕ್ರ ತಿರುಗತೊಡಗಿತು. ನನ್ನ ಬಾಯಿಂದ ತನ್ನಷ್ಟಕ್ಕೇ ಬಂತು, "ಫೋಕಸ್!"

ಮಗ ನಗಲಿಲ್ಲ. "ಬಿಡಿ ಅಪ್ಪಾ, ನಾನು ಮೊಬೈಲಲ್ಲೇ ನೋಡ್ತೇನೆ" ಅಂತ ಎದ್ದ. ನಾನು ಸರಿ ಮಾಡುವಾ ಅಂದದ್ದಕ್ಕೆ, "ಇದು ನಿಮ್ಮ ಕಾಲದ ಕೆಲಸ ಅಲ್ಲ" ಅಂತ ಒಂದು ಮಾತು ಎಸೆದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಅವನ ಅಮ್ಮ ಟಿ.ವಿ. ಆಫ್ ಮಾಡಿ ಪಾತ್ರೆ ತೊಳೆಯಲು ಹೋದಳು. ಶೋ ಕ್ಯಾನ್ಸಲ್! ಟಾಕೀಸಿನಲ್ಲಾದರೆ ಟಿಕೆಟಿನ ದುಡ್ಡು ವಾಪಸ್ ಕೊಡಬಹುದಿತ್ತು. ಇಲ್ಲಿ ಮೂರು ವಾರದಲ್ಲಿ ಒಂದು ವಾರವನ್ನು ಯಾರು ವಾಪಸ್ ಕೊಡುತ್ತಾರೆ ಸ್ವಾಮೀ?

ಮರುದಿನ ಇಂಟರ್ನೆಟ್ ಕಂಪೆನಿಯ ಹುಡುಗ ಬಂದ. ಮಟ ಮಟ ಮಧ್ಯಾಹ್ನ! ರೌಟರಿನ ಪಕ್ಕದಲ್ಲೇ ನಿಂತು ಫೋನಿನಲ್ಲಿ ಪರೀಕ್ಷೆ ಮಾಡಿದ. ನಾವು ದುಡ್ಡು ಕೊಡುವುದು 60 ಎಂಬಿಪಿಎಸ್ ವೇಗಕ್ಕೆ. ಮುಳ್ಳು 60ಕ್ಕೇ ಹೋಗಿ ನಿಂತಿತು. "ಲೈನ್ ಸರಿ ಉಂಟು ಅಂಕಲ್" ಅಂತ ಹೇಳಿ ಹೋದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ರೋಗ ಬರುವುದು ರಾತ್ರಿ ಒಂಬತ್ತಕ್ಕೆ, ಅದೂ ಹಾಲಿನಲ್ಲಿ. ಡಾಕ್ಟರ್ ನೋಡಿದ್ದು ಮಧ್ಯಾಹ್ನ, ಬೆಡ್‌ರೂಮಿನಲ್ಲಿ!

ಆಗ ನನಗೆ ನಮ್ಮ ಹಿರಿಯ ಆಪರೇಟರ್ ಹೇಳುತ್ತಿದ್ದ ಮಾತು ನೆನಪಿಗೆ ಬಂತು. ಪರದೆ ಮಂಕಾದರೆ ಕಾರ್ಬನ್ನು, ಕನ್ನಡಿ, ಲೆನ್ಸು ಎಲ್ಲವನ್ನೂ ಒಟ್ಟಿಗೆ ಮುಟ್ಟಬೇಡ, ಒಂದನ್ನು ಮುಟ್ಟು, ನೋಡು, ಪುಸ್ತಕದಲ್ಲಿ ಬರೆ ಅಂತ ಅವರ ಕಟ್ಟಪ್ಪಣೆ. ಸರಿ, ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದೆ. ಗೇಮ್ ಪೆಟ್ಟಿಗೆಯ ಸೆಟ್ಟಿಂಗಿನಲ್ಲೇ ವೇಗ ಅಳೆಯುವ ಪರೀಕ್ಷೆ ಉಂಟು. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ ಅಂತ ಒಂದು ವಾರ ಬರೆದೆ. ಬೆಳಿಗ್ಗೆ 28. ರಾತ್ರಿ 2.6! ಅದೇ ರಾತ್ರಿ ರೌಟರಿನ ಪಕ್ಕದಲ್ಲಿ ಫೋನ್ ಹಿಡಿದರೆ 55. ಅಂದರೆ ಹೊರಗಿನಿಂದ ಮನೆಯವರೆಗೆ ನೀರು ಸರಿಯಾಗಿ ಬರುತ್ತಿದೆ. ಸೋರಿ ಹೋಗುತ್ತಿರುವುದು ಮನೆಯ ಒಳಗೆ.

ಇಲ್ಲಿ ಸ್ವಲ್ಪ ವಿವರಿಸಬೇಕು, ಬೋರ್ ಮಾಡುವುದಿಲ್ಲ. ನಮ್ಮ ಕಾಲದಲ್ಲಿ ಒಂದೇ ಪ್ರಿಂಟ್ ಎರಡು ಟಾಕೀಸಿಗೆ ಓಡುವುದಿತ್ತು. 2000 ಅಡಿಯ ಒಂದು ರೀಲು ಓಡುವುದು ಸುಮಾರು 22 ನಿಮಿಷ. ಅಲ್ಲಿ ಮುಗಿದ ರೀಲನ್ನು ಹುಡುಗ ಸೈಕಲ್ಲಿಗೆ ಕಟ್ಟಿಕೊಂಡು ಇಲ್ಲಿಗೆ ತರಬೇಕು. ಹುಡುಗ ತಡ ಮಾಡಿದರೆ ಪರದೆ ಖಾಲಿ, ಹಾಲ್ ತುಂಬ ಶಿಳ್ಳೆ! ಈಗಿನ ಸ್ಟ್ರೀಮಿಂಗ್ ಕೂಡ ಅದೇ ಕಥೆ. ಸಿನಿಮಾವನ್ನು ಕೆಲವೇ ಸೆಕೆಂಡಿನ ಸಣ್ಣ ಸಣ್ಣ ರೀಲುಗಳಾಗಿ ತುಂಡು ಮಾಡಿರುತ್ತಾರೆ. ಒಂದೊಂದು ತುಂಡಿಗೂ ದಪ್ಪದ್ದು, ನಡುವಿನದ್ದು, ತೆಳ್ಳಗಿನದ್ದು ಅಂತ ಹಲವು ಪ್ರತಿಗಳು ಇರುತ್ತವೆ. ಸೈಕಲ್ಲಿನ ಹುಡುಗ ಬೇಗ ಬೇಗ ಬಂದರೆ ಪೆಟ್ಟಿಗೆ ದಪ್ಪದ್ದನ್ನು ಕೇಳುತ್ತದೆ. ತಡ ಮಾಡತೊಡಗಿದರೆ, ಪರದೆ ಖಾಲಿಯಾಗುವುದಕ್ಕಿಂತ ಮಬ್ಬಾದರೂ ಪರವಾಗಿಲ್ಲ ಅಂತ ತೆಳ್ಳಗಿನದ್ದನ್ನು ತರಿಸುತ್ತದೆ. ಕತ್ತಲೆಯ ದೃಶ್ಯದಲ್ಲಿ ಈ ಬಡತನ ಮೊದಲು ಕಣ್ಣಿಗೆ ಬೀಳುತ್ತದೆ, ಅದೇ ಆ ಟೈಲ್ಸ್! ನೆಟ್‌ಫ್ಲಿಕ್ಸ್‌ನವರು ಹೇಳುವ ಲೆಕ್ಕದಲ್ಲಿ 720ರ ಚಿತ್ರಕ್ಕೆ 3, 1080ರ ಚಿತ್ರಕ್ಕೆ 5, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಬೇಕು. ನಮ್ಮ 2.6 ಯಾವ ಮೂಲೆಗೆ ಸಾಕು?

ಹಾಗಾದರೆ ಸೈಕಲ್ ಹುಡುಗನನ್ನು ಅಡ್ಡಗಟ್ಟಿದ ವಿಲನ್ ಯಾರು? ಹುಡುಕುತ್ತಾ ಹೋದರೆ ಒಬ್ಬನಲ್ಲ, ನಾಲ್ವರು!

ಮೊದಲನೆಯವನು ಮನೆಯೊಳಗೇ ಇದ್ದ. ಮಗ ಹಾಕಿದ ಆಟದ ಅಪ್‌ಡೇಟ್ ಹಿಂದಿನಿಂದ ಸದ್ದಿಲ್ಲದೆ ಇಳಿಯುತ್ತಿತ್ತು, ಒಂದೆರಡಲ್ಲ, 40 ಜಿ.ಬಿ.! ಅದನ್ನು ನಿಲ್ಲಿಸಿದೆ. 2.6 ಇದ್ದದ್ದು 4 ಆಯಿತು.

ಎರಡನೆಯವನು ಅಕ್ಕಪಕ್ಕದವರು. ವೈಫೈಗೆ ಎರಡು ರಸ್ತೆಗಳು, 2.4 ಗಿಗಾಹರ್ಟ್ಸ್ ಒಂದು, 5 ಗಿಗಾಹರ್ಟ್ಸ್ ಇನ್ನೊಂದು. 2.4 ದೂರ ಹೋಗುತ್ತದೆ, ಆದರೆ ರಸ್ತೆ ಕಿರಿದು. ಅದರಲ್ಲಿ ಒಂದಕ್ಕೊಂದು ತಾಗದ ಸಾಲುಗಳು 1, 6, 11 ಅಂತ ಮೂರೇ. ನಮ್ಮ ಸುತ್ತ ಈಗ ಎಲ್ಲ ಕಡೆ ಫ್ಲ್ಯಾಟು. ಹಾಲಿನಲ್ಲಿ ಕೂತು ಎಣಿಸಿದರೆ ನೆರೆಯವರ 14 ವೈಫೈ ಹೆಸರುಗಳು! ರಾತ್ರಿ ಊಟ ಮುಗಿಸಿ ಎಲ್ಲರೂ ಒಟ್ಟಿಗೆ ಅದೇ ರಸ್ತೆಗೆ ಇಳಿದರೆ, ಸಂಜೆ ಹೊತ್ತಿನ ಕೊಟ್ಟಾರ ಚೌಕಿಯೇ ಸರಿ.

ಮೂರನೆಯವನು ನಮ್ಮ ಗೋಡೆ. ಅಜ್ಜನ ಕಾಲದ ಮುರಕಲ್ಲಿನ ದಪ್ಪ ಗೋಡೆ. ಸಿಗ್ನಲ್ಲನ್ನು ಚೆನ್ನಾಗಿ ನುಂಗುತ್ತದೆ. ಮಳೆಗೆ ಒದ್ದೆಯಾದರೆ ಇನ್ನೂ ಹೆಚ್ಚು.

ನಾಲ್ಕನೆಯವಳನ್ನು ಹೇಳಲು ಹೆದರಿಕೆಯಾಗುತ್ತದೆ. ಸರಿಯಾಗಿ ಒಂಬತ್ತೂಕಾಲಿಗೆ ಚಿತ್ರ ನಿಂತೇ ಹೋಗುವುದು ಯಾಕೆ ಅಂತ ನೋಟ್‌ಬುಕ್ ನೋಡುತ್ತಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ 'ಟಿಂಗ್' ಅಂತ ಸದ್ದು. ಮಗನಿಗೆ ಬಂಗುಡೆ ಸಾರು ಬಿಸಿ ಮಾಡುವ ಹೊತ್ತು ಅದು! ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.4ರ ಹತ್ತಿರವೇ, 2.45 ಗಿಗಾಹರ್ಟ್ಸ್‌ನಲ್ಲಿ. ಅದು ನಮ್ಮ ರೌಟರಿಗೂ ಹಾಲಿಗೂ ಸರಿ ನಡುವೆ ಕೂತಿತ್ತು. ಹೆಂಡತಿಗೆ ಹೇಳಿದರೆ, "ಹಾಗಾದರೆ ತಣ್ಣಗಿನ ಸಾರು ತಿನ್ನಿ" ಅಂದಳು. ಚರ್ಚೆ ಅಲ್ಲಿಗೆ ಮುಗಿಯಿತು.

ಆದರೂ ಪೆಟ್ಟಿಗೆಯ ಮೇಲೆ ಒಂದು ಸಂಶಯ ಉಳಿದಿತ್ತು. ಅದಕ್ಕೆ ಟಿ.ವಿ.ಯ ಪಕ್ಕದಲ್ಲೇ, ಅದೇ ಒಂಬತ್ತು ಗಂಟೆಗೆ, ಫೋನನ್ನು 2.4ರ ಹೆಸರಿಗೆ ಹಾಕಿ ನೋಡಿದೆ: 4. ಐದರ ಹೆಸರಿಗೆ ಹಾಕಿದೆ: 30! ಪೆಟ್ಟಿಗೆ ನಿರಪರಾಧಿ, ತಪ್ಪು ರಸ್ತೆಯದ್ದು ಅಂತ ಖಾತ್ರಿಯಾಯಿತು. ಹಾಗಾದರೆ ಪೆಟ್ಟಿಗೆಯನ್ನೂ ಐದಕ್ಕೆ ಹಾಕಿದರಾಯಿತಲ್ಲ? ಇಲ್ಲ, ಆ ಹೆಸರು ಅದರ ಪಟ್ಟಿಯಲ್ಲೇ ಇಲ್ಲ. ಹಳೇ ಮಾಡೆಲ್‌ಗಳಲ್ಲಿ ಇದು ಉಂಟು. 2013ರಲ್ಲಿ ಬಂದ ಪ್ಲೇಸ್ಟೇಷನ್ 4ರ ಮೊದಲ ಮಾಡೆಲ್‌ಗೆ 2.4 ಮಾತ್ರ ಗೊತ್ತು, 2016ರ ಸ್ಲಿಮ್ ಮಾಡೆಲ್‌ಗೆ ಎರಡೂ ಗೊತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದೊಂದನ್ನು ಕೇಳಿಕೊಂಡು ಕೊಳ್ಳಿ.

ರೌಟರನ್ನು ಕಪಾಟಿನ ಸಂದಿಯಿಂದ ತೆಗೆದು ಬಾಗಿಲ ಮೇಲಿನ ಹಲಗೆಯಲ್ಲಿಟ್ಟು, ಸಾಲನ್ನು 6ರಿಂದ 1ಕ್ಕೆ ಬದಲಾಯಿಸಿದೆ. 9ಕ್ಕೆ ಏರಿತು. ಚಿತ್ರ ಎಷ್ಟೋ ವಾಸಿ. ಆದರೆ ನಂಬುವ ಹಾಗಿಲ್ಲ, ಒಮ್ಮೆ 9, ಒಮ್ಮೆ 3. ಹೊರಡುವುದು ಮಂಗಳವಾರ. ಉಳಿದದ್ದು ಒಂದೇ ಭಾನುವಾರ.

ಕೊನೆಯ ದಾರಿ, ತಂತಿ! ಹದಿನೈದು ಮೀಟರ್ ಲ್ಯಾನ್ ಕೇಬಲ್, ನಾಲ್ಕು ಪ್ಲಗ್, ಒಂದು ಕ್ರಿಂಪಿಂಗ್ ಕತ್ತರಿ ತಂದೆ. ಶನಿವಾರ ರಾತ್ರಿ ಒಬ್ಬನೇ ಕೂತೆ. ಅದರೊಳಗೆ ಕೂದಲೆಳೆಯ ಹಾಗೆ ಎಂಟು ತಂತಿ, ಬಣ್ಣ ಬಣ್ಣದ್ದು. ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು... ಎರಡು ತುದಿಯಲ್ಲೂ ಇದೇ ಕ್ರಮ ಇರಬೇಕು. ತುಂಡಾದ ಫಿಲ್ಮನ್ನು ಅರ್ಧ ನಿಮಿಷದಲ್ಲಿ ಅಂಟಿಸಿ ಓಡಿಸಿದ ಕೈ ಸ್ವಾಮೀ ಇದು! ಆದರೆ ಕಣ್ಣು? ಟ್ಯೂಬ್ ಲೈಟಿನಲ್ಲಿ ಹಸಿರು-ಬಿಳಿ ಯಾವುದು, ನೀಲಿ-ಬಿಳಿ ಯಾವುದು ತಿಳಿಯಲಿಲ್ಲ. ಎರಡು ಪ್ಲಗ್ ಹಾಳಾದವು. ಮೂರನೆಯದ್ದನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.

ಮಗ ನೀರು ಕುಡಿಯಲು ಬಂದವನು ನಿಂತು ನೋಡಿದ. ಏನೂ ಮಾತಾಡಲಿಲ್ಲ. ಪಕ್ಕದಲ್ಲಿ ಕೂತ. ಒಂದೊಂದೇ ತಂತಿ ಬಿಡಿಸಿ, "ಇದು ಹಸಿರು-ಬಿಳಿ, ಹಿಡೀರಿ... ಇದು ನೀಲಿ, ಹಿಡೀರಿ..." ಅಂತ ಹೇಳುತ್ತಾ ಹೋದ. ಬಣ್ಣ ಅವನು ನೋಡಿದ, ಒತ್ತಿದ್ದು ನಾನು. ಎರಡು ಪ್ಲಗ್ ಉಳಿದಿದ್ದವು, ಎರಡೂ ಒಂದೇ ಏಟಿಗೆ ಕೂತವು. ಪೆಟ್ಟಿಗೆಗೆ ಸಿಕ್ಕಿಸಿ ಪರೀಕ್ಷೆ ಒತ್ತಿದಾಗ ಪರದೆಯ ಮೇಲೆ 56! ನೋಟ್‌ಬುಕ್ ಎಳೆದುಕೊಂಡು ಆ ಅಂಕಿಯನ್ನು ಅವನೇ ಬರೆದ. ಕೆಳಗೆ ತಾರೀಕು ಹಾಕಿದ.

ಭಾನುವಾರದ ಶೋ ಒಂಬತ್ತಕ್ಕೆ ಸರಿಯಾಗಿ ಶುರು. ಮೊದಲ ಅರ್ಧ ನಿಮಿಷ ಮಬ್ಬಿತ್ತು, ನನ್ನ ಎದೆ ಹೊಡೆದುಕೊಂಡಿತು. ಅದು ರೋಗವಲ್ಲ, ಪೆಟ್ಟಿಗೆ ಮೊದಲು ತೆಳ್ಳಗಿನ ರೀಲಿನಿಂದ ಶುರು ಮಾಡಿ ಆಮೇಲೆ ದಪ್ಪಕ್ಕೆ ಏರುತ್ತದೆ ಅಂತ ಮಗನೇ ಹೇಳಿದ. ಮಧ್ಯೆ ಹೆಂಡತಿ ಬೇಕಂತಲೇ ಓವನ್ ಹಾಕಿ ನೋಡಿದಳು. ಚಿತ್ರ ಅಲ್ಲಾಡಲಿಲ್ಲ. ತಂತಿಗೆ ಬಂಗುಡೆ ಸಾರಿನ ಹಂಗಿಲ್ಲ! ರಾತ್ರಿಯ ದೃಶ್ಯದಲ್ಲಿ ಬೆಂಕಿ ಬೆಂಕಿಯ ಹಾಗೆ, ಕತ್ತಲೆ ಕತ್ತಲೆಯ ಹಾಗೆ ಕಂಡಿತು. ಕೊನೆಯ ಇಪ್ಪತ್ತು ನಿಮಿಷ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಮಗ ಪರದೆಗಿಂತ ಹೆಚ್ಚು ಅಮ್ಮನನ್ನೇ ನೋಡುತ್ತಿದ್ದ. ನಾನು ಇಬ್ಬರನ್ನೂ ನೋಡಿದೆ. ಆಪರೇಟರನಿಗೆ ಹಿಂದಿನಿಂದ ಜನರನ್ನು ನೋಡುವುದೇ ಅಭ್ಯಾಸ ಅಲ್ಲವೇ?

ಗೆಳೆಯರೇ, ನಿಮ್ಮ ಮನೆಯಲ್ಲೂ ಹೀಗಾದರೆ ತಲೆ ಬಿಸಿ ಮಾಡಿಕೊಳ್ಳಬೇಡಿ. ಮೊದಲು ಹೊತ್ತು ಬರೆಯಿರಿ, ಕೆಡುವುದು ಯಾವಾಗ ಅಂತ. ಪೆಟ್ಟಿಗೆಯಲ್ಲೂ, ರೌಟರಿನ ಪಕ್ಕದಲ್ಲೂ, ಅದೇ ಹೊತ್ತಿಗೆ ಅಳೆಯಿರಿ. ಹಿಂದಿನಿಂದ ಇಳಿಯುವ ಅಪ್‌ಡೇಟ್ ನಿಲ್ಲಿಸಿ. ರೌಟರನ್ನು ಕಪಾಟಿನಿಂದ ಹೊರಗೆ ತೆಗೆಯಿರಿ. ಸಾಧ್ಯವಾದರೆ ಐದರ ರಸ್ತೆ, ಇಲ್ಲವಾದರೆ ತಂತಿ. ತಂತಿ ಹಾಕಿದರೂ ರಾತ್ರಿ ಮಾತ್ರ ಕೆಟ್ಟರೆ, ಆಗ ತಪ್ಪು ಹೊರಗಿನದ್ದು. ಬರೆದ ಪುಸ್ತಕ ತೋರಿಸಿ ಕಂಪೆನಿಯವರ ಹತ್ತಿರ ಜಗಳ ಮಾಡಿ. ವೇಗ ಸರಿಯಿದ್ದೂ ಚಿತ್ರ ಮಬ್ಬಾದರೆ, ನೀವು ಕಟ್ಟಿದ ಪ್ಲ್ಯಾನೇ ಕಡಿಮೆ ದರ್ಜೆಯದ್ದೋ ನೋಡಿ. ಆದರೆ ಒಂದು ಸಲಕ್ಕೆ ಒಂದೇ ಮುಟ್ಟಿ!

ಮಗ ಈಗ ಅಲ್ಲಿ ಆರು ಜನರ ರೂಮಿನಲ್ಲಿದ್ದಾನೆ. ಮೊನ್ನೆ ರಾತ್ರಿ ಫೋನ್ ಮಾಡಿ, "ಅಪ್ಪಾ, ಇಲ್ಲಿ ಸಿನಿಮಾ ಸಿಕ್ಕಿ ಸಿಕ್ಕಿ ಬರ್ತದೆ, ಎಂತ ಮಾಡುವುದು?" ಅಂತ ಕೇಳಿದ. "ನಿನ್ನ ಹತ್ತಿರ ನೋಟ್‌ಬುಕ್ ಉಂಟಾ?" ಅಂದೆ.

"ಉಂಟು" ಅಂದ. "ಬೆಳಿಗ್ಗೆಯದ್ದು ಬರೆದು ಆಯಿತು."