ಮನೆಯವರಿಗಾಗಿ

ಪತ್ತೇದಾರಿ ಕಥೆಯಲ್ಲಿ ಮೊದಲು ಒಂದು ನೆಮ್ಮದಿ ಇತ್ತು. ಕೊಲೆ ಮಾಡಿದವನು ಯಾರೆಂದು ತಿಳಿಯುವವರೆಗೆ ಎದೆ ಡವಡವ ಎನ್ನುತ್ತಿತ್ತು. ತಿಳಿದ ಮೇಲೆ ಎದ್ದು ಹೋಗಿ ನಿಶ್ಚಿಂತೆಯಿಂದ ರೊಟ್ಟಿ ಬಡಿಯಬಹುದಿತ್ತು. 1985ರಲ್ಲಿ ದೂರದರ್ಶನದ 'ಕರಮಚಂದ್' ಗಜ್ಜರಿ ಕಡಿಯುತ್ತ ಕಳ್ಳರನ್ನು ಹಿಡಿಯುತ್ತಿದ್ದ. 1993ರಲ್ಲಿ ರಜಿತ್ ಕಪೂರ್ ಧೋತರ ಉಟ್ಟು 'ಬ್ಯೋಮಕೇಶ್ ಬಕ್ಷಿ'ಯಾಗಿ ಬಂದರು. 1998ರಲ್ಲಿ 'ಸಿ.ಐ.ಡಿ.' ಶುರುವಾದಾಗ ನಮ್ಮ ಓಣಿಯ ಹುಡುಗರೆಲ್ಲ ಬಾಗಿಲು ಒಡೆಯುವ ಆಟ ಆಡಿದರು. ಇವುಗಳಲ್ಲೆಲ್ಲ ಹಿಡಿಯುವವನು ಬೇರೆ, ಸಿಕ್ಕಿ ಬೀಳುವವನು ಬೇರೆ. ನಮಗೆ ಯಾರ ಕಡೆ ನಿಲ್ಲಬೇಕೆಂಬ ಗೊಂದಲವಿರಲಿಲ್ಲ.

ಈಗಿನ ಧಾರಾವಾಹಿಗಳಲ್ಲಿ ತಪ್ಪು ಮಾಡುವವನೇ ಕಥಾನಾಯಕ. ಅಮೆರಿಕದಲ್ಲಿ 1999ರಿಂದ 2007ರವರೆಗೆ ಬಂದ 'ದಿ ಸೋಪ್ರಾನೋಸ್' ಈ ದಾರಿಯನ್ನು ಅಗಲ ಮಾಡಿತು ಎನ್ನುತ್ತಾರೆ. ಅದರ ನಾಯಕ ಟೋನಿ ಕೊಲೆ ಮಾಡಿಸುವ ಧಣಿ, ಆದರೆ ಮನಸ್ಸಿನ ಬೇನೆಗೆ ಡಾಕ್ಟರ ಮುಂದೆ ಕೂತು ಕಣ್ಣೀರು ತೆಗೆಯುವವನು. ನಮ್ಮಲ್ಲಿ 2018ರಲ್ಲಿ 'ಸೇಕ್ರೆಡ್ ಗೇಮ್ಸ್', 'ಮಿರ್ಜಾಪುರ್' ಬಂದವು. ನಾನು ಹುಟ್ಟಿದ್ದು ಲಿಂಗಸುಗೂರಿನಲ್ಲಿ, ಸಂಸಾರ ಸಿಂಧನೂರಿನಲ್ಲಿ, ಹೆಚ್ಚು ಕಾಲ ನೌಕರಿ ಮಾಡಿದ್ದು ಮಸ್ಕಿಯಲ್ಲಿ. ಒಂದೇ ಹೆದ್ದಾರಿಯ ಮೇಲಿರುವ ಈ ಮೂರೂ ಊರುಗಳ ಮನೆಗಳಿಗೆ ಇಂಥ ಕಥೆಗಳು ಬೆಂಗಳೂರಿನಲ್ಲಿ ಓದುವ ಮಕ್ಕಳ ಜೊತೆ ರಜೆಗೆ ಬರುತ್ತವೆ. ಮಕ್ಕಳು ಟಿ.ವಿ.ಗೆ ಏನೋ ಜೋಡಿಸುತ್ತಾರೆ, ನಾವು ಶೇಂಗಾ ಸುಲಿಯುತ್ತ ಕೂರುತ್ತೇವೆ.

ಕಾಲ ಕೆಟ್ಟಿತು ಎಂದು ಮೂಗು ಮುರಿಯುವವರ ಸಾಲಿಗೆ ನಾನು ಸೇರುವುದಿಲ್ಲ. ತಪ್ಪಿತಸ್ಥನ ಎದೆಯೊಳಗೆ ಇಣುಕುವುದು ನಮಗೆ ಹೊಸದಲ್ಲ. ಸಾವಿರ ವರ್ಷದ ಹಿಂದೆ ಮುಧೋಳದ ರನ್ನ 'ಗದಾಯುದ್ಧ' ಬರೆದು ದುರ್ಯೋಧನನಿಗಾಗಿ ನಾವು ಅಳುವಂತೆ ಮಾಡಿದ. ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕೊಲೆಯೆಂದು ಜನ ಹೇಳುವ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ನಮ್ಮ ಸೀಮೆಯಲ್ಲಿ ರಾತ್ರಿಯಿಡೀ ಎಚ್ಚರವಿದ್ದು ನೋಡಿದವರಿದ್ದಾರೆ. ಸಂಗ್ಯಾ ಪರರ ಹೆಂಡತಿಯನ್ನು ಬಯಸಿದವನು, ಬಾಳ್ಯಾ ಗೆಳೆಯನನ್ನೇ ಸಾವಿನ ಬಾಯಿಗೆ ಕೊಟ್ಟವನು. ಇಬ್ಬರಲ್ಲಿ ಯಾರೂ ಒಳ್ಳೆಯವರಲ್ಲ. ಆದರೂ ಸಂಗ್ಯಾನ ಹೆಣ ಬಿದ್ದಾಗ ಕಂಬಳಿ ಹೊದ್ದು ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಆದರೆ ನಮ್ಮವರು ಒಂದು ಕೆಲಸವನ್ನು ಬಿಡುತ್ತಿರಲಿಲ್ಲ. ರನ್ನನ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ಕಾಲೆಳೆದುಕೊಂಡು ನಡೆಯುತ್ತಾನೆ. ತನ್ನ ತಮ್ಮ, ತನ್ನ ಮಗ, ತನ್ನ ಕರ್ಣನಷ್ಟೇ ಅಲ್ಲ, ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ಅಭಿಮನ್ಯುವಿನ ಮುಂದೆಯೂ ಅವನು ನಿಲ್ಲಬೇಕು, ಆ ಹುಡುಗನ ಶೌರ್ಯಕ್ಕೆ ಕೈ ಮುಗಿಯಬೇಕು. ಕವಿ ಅವನನ್ನು ಸುಮ್ಮನೆ ದಾಟಿಹೋಗಲು ಬಿಡುವುದಿಲ್ಲ. ಸಂಗ್ಯಾ ಬಾಳ್ಯಾದಲ್ಲಿಯೂ ಹಾಡು ಸಂಗ್ಯಾನೊಬ್ಬನ ಸೊತ್ತಲ್ಲ. ಗಂಗಿಗೂ ಹಾಡುಂಟು, ಅವಳ ಗಂಡ ಈರಣ್ಣನಿಗೂ ಉಂಟು.

ಈ ಮಾತು ನನ್ನ ತಲೆ ಹೊಕ್ಕಿದ್ದು 'ಬ್ರೇಕಿಂಗ್ ಬ್ಯಾಡ್' ನೋಡುವಾಗ. 2008ರಿಂದ 2013ರವರೆಗೆ 62 ಕಂತುಗಳಲ್ಲಿ ಬಂದ ಈ ಕಥೆಯ ನಾಯಕ ವಾಲ್ಟರ್ ವೈಟ್ ನನ್ನ ಹಾಗೆ ಹೈಸ್ಕೂಲು ಮಾಸ್ತರ, ರಸಾಯನಶಾಸ್ತ್ರ ಕಲಿಸುವವನು. ಸಂಬಳ ಸಾಲದೆ ಸಂಜೆ ಕಾರು ತೊಳೆಯುವ ಅಂಗಡಿಯಲ್ಲಿ ದುಡಿಯುತ್ತಾನೆ. ಮೊದಲ ಕಂತಿನಲ್ಲೇ ತನ್ನ ವಿದ್ಯಾರ್ಥಿಯ ಕಾರಿನ ಗಾಲಿ ಉಜ್ಜುವ ಹೊತ್ತು ಬರುತ್ತದೆ. ಆ ದೃಶ್ಯ ನೋಡಿ ನನ್ನ ಹೊಟ್ಟೆಯಲ್ಲಿ ಕಿವಿಚಿದಂತಾಯಿತು. ಹತ್ತು ತಿಂಗಳು ಸಂಬಳವಿಲ್ಲದೆ ಪಾಠ ಹೇಳಿದ ಖಾಸಗಿ ಶಾಲೆಯ ಮಾಸ್ತರರನ್ನು ನಾನು ಬಲ್ಲೆ. ಅವನಿಗೆ ಶ್ವಾಸಕೋಶದ ಕ್ಯಾನ್ಸರ್ ಆಗುತ್ತದೆ. ಹೆಂಡತಿ ಬಸುರಿ, ಮಗನಿಗೆ ಅಂಗವೈಕಲ್ಯ. ತಾನು ಸತ್ತ ಮೇಲೆ ಮನೆಯವರ ಗತಿಯೇನು ಎಂದು ಮಾದಕ ವಸ್ತು ತಯಾರಿಸಲು ತೊಡಗುತ್ತಾನೆ. ಆಮೇಲೆ ಸುಳ್ಳು, ಆಮೇಲೆ ಕೊಲೆ. ಪ್ರತಿ ಮೆಟ್ಟಿಲಿಗೂ ಅವನದು ಒಂದೇ ಮಾತು: ಮನೆಯವರಿಗಾಗಿ ಮಾಡಿದೆ.

ಅವನ ಹೆಂಡತಿ ಸ್ಕೈಲರ್ ಮಾತ್ರ ಕೇಳುತ್ತಾಳೆ: ಎಲ್ಲಿಗೆ ಹೋಗಿದ್ದೆ, ಈ ಹಣ ಎಲ್ಲಿಯದು? ಜಗತ್ತಿನ ಪ್ರೇಕ್ಷಕರಿಗೆ ಸಿಟ್ಟು ಬಂದದ್ದು ಅವಳ ಮೇಲೆ! ಆ ಪಾತ್ರ ಮಾಡಿದ ನಟಿ ಆನಾ ಗನ್ 2013ರ ಆಗಸ್ಟಿನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಗೆ ಲೇಖನ ಬರೆದು, ಜನ ಆ ಹೆಂಗಸನ್ನು ಯಾಕಿಷ್ಟು ದ್ವೇಷಿಸುತ್ತಾರೆ, ಆ ದ್ವೇಷ ತನ್ನವರೆಗೂ ಯಾಕೆ ಬಂತು ಎಂದು ಕೇಳಿದರು. ವಿಷ ಬೇಯಿಸಿದವನು ನಾಯಕ, ಲೆಕ್ಕ ಕೇಳಿದವಳು ಖಳನಾಯಕಿ. ಸ್ಕೈಲರ್ ಶುದ್ಧಾಂಗಿಯೇನಲ್ಲ, ಕೊನೆಗೆ ಅದೇ ಹಣವನ್ನು ಬಿಳಿ ಮಾಡುವ ಲೆಕ್ಕಪತ್ರ ಬರೆದವಳೂ ಅವಳೇ. ಆದರೆ ಪ್ರೇಕ್ಷಕರು ಬೈದದ್ದು ಅದಕ್ಕಲ್ಲ, ಕೇಳಿದ್ದಕ್ಕೆ.

ಇದನ್ನು ನಾನು ನೋಡಿದ್ದು ನಮ್ಮ ಬಳಗದ ಒಂದು ಮನೆಯಲ್ಲಿ. ನಾನು ಹೇಳಿದ ಮೂರು ಊರುಗಳಲ್ಲಿ ಅದು ಯಾವುದರಲ್ಲಿದೆ ಎಂದು ಕೇಳಬೇಡಿ. ಯಜಮಾನರು ಒಂದು ಕಚೇರಿಯಲ್ಲಿ ಸಾಧಾರಣ ಹುದ್ದೆಯವರು. ಮನೆ ಮಾತ್ರ ಆ ಹುದ್ದೆಯ ಅಳತೆಯದಲ್ಲ. ಮೇಲಿನ ಗಳಿಕೆ ಎಂದು ಅದಕ್ಕೆ ನಾವು ಎಂಥ ಚಂದದ ಹೆಸರಿಟ್ಟಿದ್ದೇವೆ ನೋಡಿ! ದೀಪಾವಳಿಗೆ ಬಂದ ಮಗಳು ಇಂಗ್ಲಿಷ್ ಮಾತನ್ನು ನಮಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತ ಮೂರು ರಾತ್ರಿ ತೋರಿಸಿದಳು. ವರಸೆಯಲ್ಲಿ ನನಗೆ ತಂಗಿಯಾಗಬೇಕಾದ ಮನೆಯಾಕೆಗೆ ಸ್ಕೈಲರ್ ಕಂಡರಾಗದು.

"ಇಕಿಗೇನು ಧಾಡಿ ಬಂದೈತ್ರಿ ಅಕ್ಕಾ? ಗಂಡ ಮನಿಗಂತ ಜೀವ ತೇಯಾಕತ್ಯಾನ, ಇಕಿ ಪೊಲೀಸರಿಗಿಂತ ಹೆಚ್ಚು ತನಿಖೆ ಮಾಡ್ತಾಳ."

ಮಗಳು ಟಿ.ವಿ. ನಿಲ್ಲಿಸಿದಳು. "ಅವ್ವಾ, ಅಪ್ಪಾಜಿ ತರೋ ರೊಕ್ಕ ಎಲ್ಲಿಂದು ಅಂತ ನೀ ಯಾವತ್ತರ ಕೇಳಿದ್ದೇನು?"

ಶೇಂಗಾ ಸುಲಿಯುವ ಸಪ್ಪಳವೂ ನಿಂತಿತು. ನಾನು ಮಾತು ತಿರುಗಿಸಲು ಹೋಗಲಿಲ್ಲ. ಪ್ರಶ್ನೆ ತಾಯಿಗೆ ಕೇಳಿದ್ದು, ಉತ್ತರ ಕೊಡುವ ಹಕ್ಕೂ ಅವಳದೇ.

"ಒಂದ್ಸಲ ಕೇಳಿದ್ದೆ," ಎಂದಳು ಆಕೆ, ಬಹಳ ಹೊತ್ತಿನ ಮೇಲೆ. "'ಉಣ್ಣಾಕ ಕುಂತಾಗ ಲೆಕ್ಕ ಕೇಳಬ್ಯಾಡ, ಎಲ್ಲಾ ನಿಮಗ ಅಂತನ ಮಾಡಾಕತ್ತೀನಿ' ಅಂದ್ರು. ಉಂಡ ಮ್ಯಾಲೆ ಕೇಳಾಕ ನನಗ ಬಾಯಿ ಬರಲಿಲ್ಲ."

ಮರುವರ್ಷ ಆ ಹುಡುಗಿ ಕಡೆಯ ವರ್ಷದ ಫೀಸಿಗೆ ಬ್ಯಾಂಕಿನ ಸಾಲ ತೆಗೆದಳು. ಅರ್ಜಿಗೆ ಸಹಿ ಹಾಕಿದ್ದು ತಾಯಿ. ಹದಿನೈದು ದಿನ ಆ ಮನೆಯಲ್ಲಿ ಗಂಡಹೆಂಡಿರ ನಡುವೆ ಮಾತಿರಲಿಲ್ಲ. ಅನ್ನ ಸಾರು ಮಾತ್ರ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು.

ಕಾಡಿನಲ್ಲಿ ದಾರಿಹೋಕರನ್ನು ಸುಲಿಯುತ್ತಿದ್ದವನ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಅದನ್ನು ವಾಲ್ಮೀಕಿ ಮಹರ್ಷಿಗಳ ಹೆಸರಿಗೆ ಅಂಟಿಸುವುದುಂಟು. ಮೂಲ ರಾಮಾಯಣದಲ್ಲಿ ಅದಿಲ್ಲ, ನಂತರ ಹುಟ್ಟಿಕೊಂಡದ್ದು; ಅದರಿಂದ ನೊಂದವರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ, ಅವರ ನೋವು ನ್ಯಾಯವಾದದ್ದು. ಹೆಸರು ಬಿಟ್ಟು ಕಥೆಯಷ್ಟನ್ನೇ ತೆಗೆದುಕೊಳ್ಳೋಣ. ಎದುರಾದ ಮುನಿ ಅವನಿಗೆ ಹೇಳುತ್ತಾನೆ: ನಿನ್ನ ಪಾಪದಲ್ಲಿ ಮನೆಯವರು ಪಾಲು ಕೊಳ್ಳುವರೇ, ಹೋಗಿ ಕೇಳಿ ಬಾ. ಹೆಂಡತಿ ಮಕ್ಕಳು, ಸಾಕುವುದು ನಿನ್ನ ಧರ್ಮ, ಪಾಪ ನಿನ್ನದೇ ಎಂದುಬಿಡುತ್ತಾರೆ. ಇದನ್ನು ಹೇಳುವವರೆಲ್ಲ ಹೆಂಡತಿಯ ಸ್ವಾರ್ಥವನ್ನು ಆಡಿಕೊಳ್ಳುತ್ತಾರೆ. ನನಗೆ ಬೇರೆಯೇ ತೋರುತ್ತದೆ. ಅಷ್ಟು ವರ್ಷ ಮನೆಯವರಿಗಾಗಿ ಎಂದು ತಲೆ ಒಡೆದವನು ಮನೆಯವರನ್ನು ಒಮ್ಮೆಯೂ ಕೇಳಿರಲಿಲ್ಲ. ಮುನಿ ಹೇಳಿದ ಮೇಲೆ ಕೇಳಿದ.

ವಾಲ್ಟರ್ ವೈಟ್ ಕೂಡ ಕೊನೆಯ ಕಂತಿನಲ್ಲಿ ಹೆಂಡತಿಯ ಮುಂದೆ ನಿಜ ಹೇಳುತ್ತಾನೆ: ಅದು ಮನೆಗಾಗಿ ಅಲ್ಲ, ತನಗಾಗಿ ಮಾಡಿದ್ದು, ಅದು ತನಗೆ ಹಿತವಾಗಿತ್ತು. ಆ ಒಂದು ಮಾತು ಬರಲು 62ನೆಯ ಕಂತು ಬೇಕಾಯಿತು.

ಹಾಗಾದರೆ ಉಂಡವರ ಮೇಲೆ ಹೊಣೆಯೇ ಇಲ್ಲವೇ? 'ಸೋಪ್ರಾನೋಸ್'ನ 2001ರ ಒಂದು ಕಂತಿನಲ್ಲಿ ಟೋನಿಯ ಹೆಂಡತಿ ಕಾರ್ಮೆಲಾ ಒಬ್ಬ ವೃದ್ಧ ಮನೋವೈದ್ಯರ ಬಳಿ ಹೋಗುತ್ತಾಳೆ. ಅವರು ಅವಳಿಂದ ಫೀಸು ಮುಟ್ಟುವುದಿಲ್ಲ. ಅದು ರಕ್ತದ ಹಣ ಎನ್ನುತ್ತಾರೆ. ಮಕ್ಕಳನ್ನು ಕರೆದುಕೊಂಡು ಆ ಮನೆ ಬಿಡು, ನನಗೆ ಯಾರೂ ಹೇಳಲಿಲ್ಲ ಎಂದು ಇನ್ನು ಮೇಲೆ ಹೇಳುವ ಹಾಗಿಲ್ಲ ಎನ್ನುತ್ತಾರೆ. ಅವಳು ಮನೆ ಬಿಡುವುದಿಲ್ಲ. ಮಗಳು ಓದುವ ವಿಶ್ವವಿದ್ಯಾಲಯಕ್ಕೆ ಗಂಡನಿಂದ 50,000 ಡಾಲರ್ ದಾನ ಕೊಡಿಸಿ ಸಮಾಧಾನ ಮಾಡಿಕೊಳ್ಳುತ್ತಾಳೆ. ನಮ್ಮ ಕಡೆ ಗುಡಿಯ ಗೋಡೆಯಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲು ನೋಡುವಾಗ ನನಗೆ ಕಾರ್ಮೆಲಾ ನೆನಪಾಗುತ್ತಾಳೆ. ಆದರೆ ಇನ್ನೊಂದು ಮಾತೂ ನಿಜ. ತವರಿನಲ್ಲಿ ಜಾಗವಿಲ್ಲದ, ಕೈಯಲ್ಲಿ ಸ್ವಂತ ಸಂಪಾದನೆಯಿಲ್ಲದ ಹೆಂಗಸಿಗೆ ಮನೆ ಬಿಡು ಎನ್ನುವುದು ಸುಲಭ, ಬಿಡುವುದು ಸುಲಭವಲ್ಲ. ಅವಳಿಂದ ಆಗುವುದು ಕೇಳುವುದು. ಕೇಳಿದವಳನ್ನು ಹಾಡಿ ಬೈಯದಿರುವುದು ನಮ್ಮಿಂದ ಆಗುವುದು.

ತಪ್ಪಿನ ಲೆಕ್ಕ ಎಂದರೆ ನನಗೆ ಮಸ್ಕಿಯ ಗುಡ್ಡ ನೆನಪಿಗೆ ಬರುತ್ತದೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ! ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅಲ್ಲಿಯ ಬಂಡೆಗಲ್ಲಿನ ಶಾಸನ ಕಂಡುಹಿಡಿದರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಸಿಕ್ಕಿದ್ದು ಅದರಲ್ಲಿ. ಆ ಅಶೋಕನೂ ಕೈಗೆ ರಕ್ತ ಮೆತ್ತಿಕೊಂಡ ನಾಯಕನೇ. ತನ್ನ ಹದಿಮೂರನೆಯ ಬಂಡೆಗಲ್ಲು ಶಾಸನದಲ್ಲಿ ಅವನೇ ಲೆಕ್ಕ ಕೊಟ್ಟಿದ್ದಾನೆ: ಕಳಿಂಗದಲ್ಲಿ ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದದ್ದು, ಒಂದು ಲಕ್ಷ ಜನ ಹತರಾದದ್ದು, ಅದರ ಎಷ್ಟೋ ಪಟ್ಟು ಜನ ಸತ್ತದ್ದು, ಅದಕ್ಕಾಗಿ ತಾನು ನೊಂದದ್ದು. ರಾಜನೊಬ್ಬ ಗೆಲುವಿನ ಬದಲು ಹೆಣಗಳನ್ನು ಎಣಿಸಿ ಕಲ್ಲಿನಲ್ಲಿ ಬರೆಸಿದ್ದು ದೊಡ್ಡದೇ. ಆದರೆ ಮಕ್ಕಳಿಗೆ ನಾನು ಇನ್ನೊಂದನ್ನೂ ಹೇಳುತ್ತೇನೆ. ಕಳಿಂಗ ಸೀಮೆಯ ಧೌಲಿ, ಜೌಗಡಗಳಲ್ಲಿ ಅಶೋಕನ ಬೇರೆ ಶಾಸನಗಳಿವೆ, ಈ ಹದಿಮೂರನೆಯದು ಇಲ್ಲ. ಪಶ್ಚಾತ್ತಾಪದ ಮಾತನ್ನು ಊರೂರಿಗೆ ಹೇಳಿದ ರಾಜ, ಸತ್ತವರ ಮನೆಯ ಅಂಗಳದಲ್ಲಿ ಮಾತ್ರ ಹೇಳಲಿಲ್ಲ.

ಧಾರಾವಾಹಿಗಳಲ್ಲಿಯೂ ಕ್ಯಾಮೆರಾ ಕೊಂದವನ ಮನೆಗೆ ದಿನವೂ ಹೋಗುತ್ತದೆ. ಅವನ ಮಗಳ ಹುಟ್ಟುಹಬ್ಬ, ಅವನ ನಿದ್ದೆಗೇಡು ಎಲ್ಲ ನಮಗೆ ಗೊತ್ತು. ಸತ್ತವನ ಮನೆ ಎಲ್ಲಿದೆಯೆಂದೇ ಗೊತ್ತಿಲ್ಲ. ಯಾರ ಮನೆಯೊಳಗೆ ಕೂತು ನೋಡುತ್ತೇವೋ ಅವರ ಮೇಲೆ ಕನಿಕರ ಹುಟ್ಟುವುದು ಸಹಜ. ಹಾಗೆಂದು ನೋಡುವುದನ್ನು ಬಿಡಿ ಎನ್ನುವುದಿಲ್ಲ, ನಾನೂ ಬಿಟ್ಟಿಲ್ಲ. ಎದುರು ಮನೆಯ ಬಾಗಿಲನ್ನೂ ಒಮ್ಮೆ ತಟ್ಟಿ ಎನ್ನುತ್ತೇನೆ.

ಹೋದ ವರ್ಷ ಒಂಬತ್ತನೆಯ ತರಗತಿಗೆ ಒಂದು ಪ್ರಬಂಧ ಕೊಟ್ಟೆ: ನೀವು ನೋಡಿದ ಯಾವುದಾದರೂ ಧಾರಾವಾಹಿಯಲ್ಲಿ ಸತ್ತವರ ಮನೆಯವರು ಹೇಳುವ ಹಾಗೆ ಕಥೆ ಬರೆಯಿರಿ. ಹುಡುಗರು ಗೊಣಗಿದರು. ಒಬ್ಬ ಹುಡುಗಿ, ಮೊದಲ ಐದು ನಿಮಿಷದಲ್ಲೇ ಗುಂಡು ತಿಂದು ಬೀಳುವ ಒಬ್ಬ ವಾಚ್‌ಮನ್‌ನ ಹೆಂಡತಿಯಾಗಿ ಬರೆದಿದ್ದಳು. ಪೊಲೀಸರು ಮೂರು ದಿನದ ಮೇಲೆ ಬುತ್ತಿಯ ಡಬ್ಬಿ ವಾಪಸು ಕೊಟ್ಟರಂತೆ, ಒಳಗೆ ಅರ್ಧ ರೊಟ್ಟಿ ಹಾಗೇ ಉಳಿದಿತ್ತಂತೆ, ಅದನ್ನು ತೊಳೆಯಲು ಅವಳಿಗೆ ಕೈ ಬರಲಿಲ್ಲವಂತೆ. ಕಾಗುಣಿತಕ್ಕೆ ಒಂದು ಅಂಕ ಕಳೆದು ಉಳಿದ ಒಂಬತ್ತನ್ನೂ ಕೊಟ್ಟೆ. ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಟೀಚರ್, ಆ ವಾಚ್‌ಮನ್ ಹೆಸರೇನ್ರಿ?" ಎಂದು ಕೇಳಿದ.

ಹುಡುಗಿ ತಲೆ ಎತ್ತಿ ಹೇಳಿದಳು, "ಹೆಸರು ಇಟ್ಟಿಲ್ಲ ಅವ್ರು. ನಾನೂ ಎರಡು ಸಲ ಹಿಂದ ಹೋಗಿ ನೋಡಿದೆ."