ಮಾವನಿಗೆ ಎರಡೆರಡು ಮರ ಕಂಡದ್ದು

ನಾವು ಮೂವರು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಮೂರು ಕಡೆಯವರು. ಅಡಿಕೆ ಕೊಯ್ಲಿಗೆ ಬೆಳ್ತಂಗಡಿಯವನ ಮಾವನ ತೋಟದಲ್ಲಿ ಸೇರುವುದು ರೂಢಿ. ಹೋದ ವರ್ಷ ಮಾವ ಮರ ಹತ್ತಲಿಲ್ಲ.

"ಮರ ಎರಡೆರಡು ಕಾಣ್ತದೆ ಮಾರಾಯ್ರೆ."

"ಹಾಗಾದರೆ ಫಸಲೂ ಡಬಲ್" ಎಂದು ನಕ್ಕೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಆಗಲೇ ಎರಡು ಸಲ ಕನ್ನಡಕ ಬದಲಿಸಿದ್ದರು. ನೋವಿಲ್ಲ ಎಂದು ಸುಮ್ಮನಿದ್ದರು.

ರಾತ್ರಿ ಮೂಡುಬಿದಿರೆಯವನು ತನ್ನ ಅಕ್ಕನ ಮದುವೆಯ ಹಳೆಯ ಫೋಟೋ ತೆಗೆದ. ಅದರಲ್ಲಿ ಮಾವನ ಎರಡೂ ಕಣ್ಣು ಸಮವಾಗಿವೆ. ಎದುರು ಕೂತ ಮಾವನ ಎಡಗಣ್ಣು ಮಾತ್ರ ಕೆಳಗೆ ಜಾರಿ, ತುಸು ಹೊರಗೆ ಬಂದಿತ್ತು. ದಿನಾ ನೋಡುವ ಅತ್ತೆಗೂ ಗೊತ್ತಾಗಿರಲಿಲ್ಲ, ಅಷ್ಟು ನಿಧಾನಕ್ಕೆ ಆಗಿತ್ತು.

ಬಂಟ್ವಾಳದವನ ಕಾರಿನಲ್ಲಿ ಮಂಗಳೂರಿಗೆ ಹೋದೆವು. ಕಣ್ಣಿನ ಡಾಕ್ಟರು ಒಂದು ಕಣ್ಣು ಮುಚ್ಚಿಸಿದರು, ಎರಡು ಕಾಣುವುದು ನಿಂತಿತು. ಫೋಟೋ ನೋಡಿದರು, ಹುಬ್ಬಿನ ಕೆಳಗೆ ಒತ್ತಿದರು. "ಹಣೆಗೆ ಯಾವಾಗಲಾದರೂ ಪೆಟ್ಟು ಬಿದ್ದಿತ್ತಾ?" ಬಿದ್ದಿತ್ತು, ಹದಿನೈದು ವರ್ಷದ ಹಿಂದೆ, ಚಾರ್ಮಾಡಿಯಲ್ಲಿ ಬೈಕ್ ಜಾರಿ. ಸಿ.ಟಿ. ಸ್ಕ್ಯಾನ್ ಬರೆದರು.

ಮೂಗಿನ ಸುತ್ತ, ಹಣೆಯ ಎಲುಬಿನೊಳಗೆ ಗಾಳಿ ತುಂಬಿದ ಪೊಳ್ಳುಗಳಿವೆ. ಅವೇ ಸೈನಸ್. ಅಲ್ಲಿ ಹುಟ್ಟುವ ಲೋಳೆ ಸಣ್ಣ ದಾರಿಯಲ್ಲಿ ಮೂಗಿಗೆ ಇಳಿಯುತ್ತದೆ. ಹಳೆ ಪೆಟ್ಟು, ಹಳೆ ಆಪರೇಷನ್ ಅಥವಾ ಬಿಡದ ಸೈನಸ್ ತೊಂದರೆಯಿಂದ ಆ ದಾರಿ ಮುಚ್ಚಬಹುದು. ತೋಟದ ಕಣಿ ಕಟ್ಟಿದರೆ ನೀರು ಎಲ್ಲಿಗೆ ಹೋಗಬೇಕು? ಲೋಳೆ ವರ್ಷಗಟ್ಟಲೆ ತುಂಬಿ, ಎಲುಬನ್ನು ತೆಳುವಾಗಿಸಿ ಕಣ್ಣನ್ನು ದೂಡುತ್ತದೆ. ಹೆಸರು ಮ್ಯೂಕೋಸೀಲ್. ಕ್ಯಾನ್ಸರ್ ಅಲ್ಲ.

ಕನ್ನಡಕ, ಡ್ರಾಪ್ಸ್‌ನಿಂದ ಇದು ಹೋಗುವುದಿಲ್ಲ. ಆಪರೇಷನ್ ಮಾಡುವವರು ಇಎನ್‌ಟಿ ಡಾಕ್ಟರು. ಮಾವ ಹೆದರಿ ಕೇಳಿದ್ದು ಒಂದೇ, "ಕಣ್ಣಿಗೆ ಕತ್ತಿ ಹಾಕ್ತೀರಾ?" ಹಾಕಲಿಲ್ಲ. ಮೂಗಿನೊಳಗಿಂದ ದುರ್ಬೀನು ಹಾಕಿ, ಲೋಳೆಯ ಚೀಲವನ್ನು ಮೂಗಿಗೆ ಅಗಲವಾಗಿ ತೆರೆದರು. ಹಣೆಯ ಅಂಚಿನಲ್ಲಿದ್ದರೆ ಕೆಲವರಿಗೆ ಹುಬ್ಬಿನ ಬಳಿ ಕೊಯ್ಯಬೇಕಾಗುತ್ತದಂತೆ.

ಮಾವನಿಗೆ ಕಾಯಲು ಸಮಯವಿತ್ತು. ಎಲ್ಲರಿಗೂ ಇರುವುದಿಲ್ಲ. ದೃಷ್ಟಿ ಮಂಕಾದರೆ, ಬಣ್ಣ ಮಾಸಿದಂತೆ ಕಂಡರೆ, ಜ್ವರದೊಡನೆ ರೆಪ್ಪೆ ಕೆಂಪಾಗಿ ಊದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಣ್ಣಿನ ನರ ಒತ್ತಿಹೋದರೆ ದೃಷ್ಟಿ ಮರಳದೆ ಇರಬಹುದು. ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಯಲ್ಲಿ ಕಣ್ಣು, ಇಎನ್‌ಟಿ ಎರಡೂ ವಿಭಾಗ ಇವೆ. ಆಯುಷ್ಮಾನ್ ಕಾರ್ಡ್ ಮರೆಯಬೇಡಿ.

ವರ್ಷಗಳ ನಂತರ ಮತ್ತೆ ತುಂಬಬಹುದು ಎಂದು ಮಾವನಿಗೆ ಆಗಾಗ ತಪಾಸಣೆ ಇದೆ. ಈ ಸಲ ಕೊಯ್ಲಿಗೆ ಅವರೇ ಹತ್ತಿದರು. ಅತ್ತೆ ಕೆಳಗೆ ನಿಂತು, "ಎಷ್ಟು ಮರ ಕಾಣ್ತದೆ?" ಎಂದು ಕೂಗುತ್ತಲೇ ಇದ್ದರು.