ಮೋರಿಯರು ಎಲ್ಲಿ ಹೋದರು?

ಒಡೆಯನಿಲ್ಲದ ಕಲ್ಲನ್ನು ಕಂಡರೆ ನಮ್ಮ ಜನಕ್ಕೆ ಸಮಾಧಾನವಿಲ್ಲ. ಅದಕ್ಕೊಂದು ಕಥೆಯನ್ನು ಹೆಣೆದು, ಆ ಕಥೆಯೊಳಗೆ ಒಬ್ಬ ಒಡೆಯನನ್ನು ಕೂರಿಸಿದ ಮೇಲೆಯೇ ನೆಮ್ಮದಿ. ಪಾಂಡವಪುರದ ಕುಂತಿಬೆಟ್ಟವನ್ನೇ ನೋಡಬಹುದು. ಪಾಂಡವರು ತಾಯಿಯೊಡನೆ ಅಲ್ಲಿ ಕೆಲಕಾಲ ತಂಗಿದ್ದರೆಂಬುದು ಸುತ್ತಲಿನವರ ನಂಬಿಕೆ. ಊರಿನ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿಗೆ ನೆರವಾಗಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಸೈನಿಕರು ಇಲ್ಲಿ ಪಾಳೆಯ ಬಿಟ್ಟಿದ್ದರಿಂದ ಅದು ಫ್ರೆಂಚ್ ರಾಕ್ಸ್ ಎನಿಸಿತು. ಕೊನೆಗೆ ಪಾಂಡವರ ಹೆಸರೇ ಗೆದ್ದಿತು. ಬಂಡೆ ಮಾತ್ರ ಇದ್ದಲ್ಲಿಯೇ ಇದೆ.

ಬೇರೊಂದು ಬಗೆಯ ಕಲ್ಲುಗಳೂ ಕನ್ನಡನಾಡಿನಲ್ಲಿ ಉಂಟು. ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿ, ಒಂದು ಗೋಡೆಯಲ್ಲಿ ದುಂಡನೆಯ ಕಂಡಿ ಕೊರೆದ ಪುಟ್ಟ ಕೋಣೆಗಳು ಅವು. ಕೊಡಗಿನಲ್ಲಿ ಅವನ್ನು ಪಾಂಡುಪಾರೆ ಎನ್ನುವುದುಂಟು. ಉತ್ತರಕ್ಕೆ ಹೋದರೆ ಅವೇ ‘ಮೋರಿಯರ ಮನೆ’ಗಳಾಗುತ್ತವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಇಂಥವು ನೂರಾರಿವೆ. ಒಂದು ಊರೇ ಕಲ್ಲಾಗಿ ನಿಂತಂತೆ ಕಾಣುತ್ತದೆ.

ಮೋರಿಯರೆಂದರೆ ಯಾರು? ಮೊಳದುದ್ದದ ಕುಳ್ಳರಂತೆ. ಗಾತ್ರ ಚಿಕ್ಕದಾದರೂ ಅವರ ತೋಳಿನ ಬಲ ಅಸಾಧಾರಣವಂತೆ. ಬಂಡೆಯನ್ನು ಬೆಲ್ಲದಚ್ಚಿನಂತೆ ಎತ್ತುತ್ತಿದ್ದರಂತೆ. ಒಂದು ದಿನ ಬೆಂಕಿಯ ಮಳೆ ಸುರಿದು ಇಡೀ ಕುಲವೇ ನಾಶವಾಯಿತೆಂದು ಬಳ್ಳಾರಿಯ ಕಡೆಯ ಐತಿಹ್ಯವೊಂದು ಹೇಳುತ್ತದೆ. ಮಣ್ಣಿನಿಂದ ಬಂದವರು ಮತ್ತೆ ಮಣ್ಣಿಗೇ ಸಂದರು, ಉಳಿದದ್ದು ಮನೆಗಳು.

ಇಂಥ ಕಲ್ಪನೆ ನಮ್ಮೊಬ್ಬರದೇ ಅಲ್ಲ. ಹದಿನಾರನೆಯ ಶತಮಾನದ ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್ ನೀರು, ಗಾಳಿ, ಬೆಂಕಿ, ಮಣ್ಣು ಒಂದೊಂದರಲ್ಲಿಯೂ ಒಂದೊಂದು ಜನಾಂಗವಿದೆಯೆಂದು ಬರೆದ. ಮಣ್ಣಿನ ಪಾಲಿಗೆ ಬಂದವರು ಕುಳ್ಳರೇ. ಮೀನು ನೀರಿನಲ್ಲಿ ಸಂಚರಿಸುವಂತೆ ಅವರು ನೆಲದೊಳಗೆ ಸಂಚರಿಸುತ್ತಾರೆಂಬುದು ಅವನ ಮತ. ಐರ್ಲೆಂಡಿನ ಜನ ಪುರಾತನ ಗೋರಿದಿಬ್ಬಗಳೊಳಗೆ ದೇವಕುಲವೊಂದು ವಾಸಿಸುತ್ತದೆಂದು ನಂಬಿದರು. ನಮ್ಮ ಪುರಾಣಗಳಲ್ಲಿಯೂ ಭೂಗರ್ಭದ ನಿಧಿಗಳಿಗೆ ಕಾವಲಿರುವವರು ಕುಬೇರನ ಪರಿವಾರದ ಯಕ್ಷರು, ಗುಹ್ಯಕರು. ಬೊಜ್ಜು ಹೊಟ್ಟೆ, ಗಿಡ್ಡ ಕಾಲು, ಅವರೂ ಕುಳ್ಳರೇ! ಯಾವ ದೇಶದಲ್ಲಾಗಲಿ, ನೆಲದೊಳಗಿನವನನ್ನು ಮನುಷ್ಯ ತನಗಿಂತ ಚಿಕ್ಕವನನ್ನಾಗಿಯೇ ಕಂಡಿದ್ದಾನೆ.

ಪುರಾತತ್ವಜ್ಞರ ಗುದ್ದಲಿ ಬೇರೆಯೇ ಕಥೆಯನ್ನು ಹೇಳಿತು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ ಇಂಥ ಕಲ್ಲಿನ ಕೋಣೆಗಳೊಳಗೆ ಮನುಷ್ಯರ ಮೂಳೆಗಳೂ, ಕಪ್ಪು ಕೆಂಪು ಬಣ್ಣದ ಮಡಕೆಗಳೂ, ಕಬ್ಬಿಣದ ಆಯುಧಗಳೂ ದೊರೆತವು. ಮನೆಗಳೆಂದುಕೊಂಡವು ಮನೆಗಳಲ್ಲ, ಸಮಾಧಿಗಳು. ಕುಳ್ಳನ ಬಾಗಿಲೆಂದುಕೊಂಡ ಕಂಡಿಯ ಮೂಲಕ ಬದುಕಿದ್ದವರು ಸತ್ತವರ ಬಳಿಗೆ ಕೈಚಾಚುತ್ತಿದ್ದಿರಬೇಕು. ಒಳಗೆ ಮಲಗಿದ್ದವರು ನಮ್ಮ ನಿಮ್ಮಂತೆಯೇ ಇದ್ದ ಮನುಷ್ಯರು. ಮೋರಿಯರೆಂಬ ಹೆಸರಿನಲ್ಲಿ ಮೌರ್ಯರ ನೆನಪಿರಬಹುದೆಂದು ಕೆಲವರ ಊಹೆ. ಅಶೋಕನ ಶಾಸನಗಳು ಬ್ರಹ್ಮಗಿರಿಯಲ್ಲಿಯೂ ಕೊಪ್ಪಳದಲ್ಲಿಯೂ ಇರುವುದು ನಿಜ. ಆದರೆ ಈ ಬಗೆಯ ಸಮಾಧಿಗಳನ್ನು ಕಟ್ಟುವ ಪದ್ಧತಿ ಅಶೋಕನಿಗಿಂತ ಶತಮಾನಗಳಷ್ಟು ಹಿಂದಿನದು.

ಹಾಗಾದರೆ ಬೆಂಕಿಯ ಮಳೆ? ಅದೂ ಪೂರ್ತಿ ಸುಳ್ಳಲ್ಲವೇನೋ. ಬಂಡೆಯ ಮೇಲೆ ಸೌದೆ ಉರಿಸಿ, ಕಾವಿಗೆ ಕಲ್ಲು ಪದರ ಬಿಡುವಂತೆ ಮಾಡಿ ಚಪ್ಪಡಿ ಎಬ್ಬಿಸುವುದು ನಮ್ಮ ಕಲ್ಲುಕುಟಿಗರ ಹಳೆಯ ವಿದ್ಯೆ. ಗುಡ್ಡದ ಮೇಲೆ ರಾತ್ರಿಯೆಲ್ಲ ಉರಿದ ಆ ಬೆಂಕಿ, ಕೆಲಸ ಮರೆತುಹೋದ ಮೇಲೆ, ಕಥೆಯಲ್ಲಿ ಆಕಾಶಕ್ಕೇರಿತೋ ಏನೋ.

ಇವೆಲ್ಲ ಕೇವಲ ಕಥೆಯಾಗಿದ್ದರೆ ಚಿಂತೆಯಿರಲಿಲ್ಲ. ಸತ್ತವನನ್ನು ‘ನಮ್ಮವನಲ್ಲ, ಕುಳ್ಳ’ ಎಂದು ಕರೆದೊಡನೆ ಅವನ ಗೋರಿಗೆ ಕೈಹಾಕುವುದು ಸುಲಭವಾಗುತ್ತದೆ. ತಾತನ ಸಮಾಧಿಯ ಕಲ್ಲನ್ನು ಕಿತ್ತು ದನದ ಕೊಟ್ಟಿಗೆಗೆ ಹಾಸುವವನಿಲ್ಲ. ಮೋರಿಯನ ಕಲ್ಲಾದರೆ ಅಡ್ಡಿಯಿಲ್ಲ. ಯಕ್ಷನ ಹೊನ್ನಿದೆಯೆಂದು ನಿಧಿಗಳ್ಳರು ಅಗೆಯುತ್ತಾರೆ. ಸಿಗುವುದು ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣ. ಪಾಂಡವಪುರದ ಬೇಬಿಬೆಟ್ಟದ ಸುತ್ತ ಕಲ್ಲು ಗಣಿಗಾರಿಕೆ ಬಲುಕಾಲ ನಡೆಯಿತು. ಸಿಡಿಮದ್ದಿನಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವಾದೀತೆಂಬ ಕೂಗೆದ್ದು, 2024ರ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆಯನ್ನು ತಡೆಯಿತು. ಕಟ್ಟೆಯ ಪರವಾಗಿ ಮಾತನಾಡುವವರಿದ್ದರು, ಏಕೆಂದರೆ ಅದರ ನೀರನ್ನು ಇಂದಿನವರು ಕುಡಿಯುತ್ತಾರೆ. ಹೆಸರಿಲ್ಲದ ಗೋರಿಗಳ ಪರವಾಗಿ ವಾದಿಸುವವರು ಯಾರು? 2021ರಲ್ಲಿ ಹಿರೇಬೆಣಕಲ್ಲು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ್ದು ಸಂತೋಷವೇ. ಆದರೆ ಪಟ್ಟಿಗೆ ಸೇರದ ಒಂಟಿ ಕಲ್ಲುಗಳು ಹೊಲದ ಬದುಗಳಲ್ಲಿ ಇನ್ನೆಷ್ಟೋ ಇವೆ.

ಮೋರಿಯರು ಬೆಂಕಿಯಲ್ಲಿ ಬೆಂದುಹೋದರೆಂದು ನಂಬುವ ಮೊದಲು ನಾಗಮಂಗಲದ ಅಥವಾ ಕೃಷ್ಣರಾಜಪೇಟೆಯ ಬೆದ್ದಲು ಹೊಲವೊಂದನ್ನು ನೋಡಬೇಕು. ಮಳೆ ಕೈಕೊಟ್ಟ ವರ್ಷವೂ ಕೈಬಿಡದ ಹುರುಳಿ ಅಲ್ಲಿ ಬೆಳೆಯುತ್ತದೆ. ದಕ್ಷಿಣದ ನೆಲದಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಹುರುಳಿ ಬೆಳೆಯುತ್ತಿದ್ದರೆಂಬುದಕ್ಕೆ ಉತ್ಖನನಗಳಲ್ಲಿ ಸಿಕ್ಕ ಕರಿದ ಕಾಳುಗಳೇ ಸಾಕ್ಷಿ. ಕಲ್ಲಿನ ಮನೆ ಕಟ್ಟಿದವರ ಕಾಲದಲ್ಲಿಯೂ ಅದನ್ನು ಬಿತ್ತುತ್ತಿದ್ದರು. ಯಾರ ರಕ್ತ ಯಾರಲ್ಲಿ ಹರಿದಿದೆಯೆಂದು ಹೇಳಲಾಗದು. ಬಿತ್ತನೆಯ ಸಾಲಂತೂ ಕಡಿದಿಲ್ಲ. ಸಂಜೆ ಮುದ್ದೆಯನ್ನು ಹುರುಳಿಕಾಳಿನ ಸಾರಿಗೆ ಅದ್ದುವ ರೈತ ಆ ಕುಳ್ಳರ ಕಥೆಯನ್ನು ಮಕ್ಕಳಿಗೆ ಹೇಳಲಿ, ಮಕ್ಕಳು ನಗಲಿ. ‘ಅವರೆಲ್ಲ ಎಲ್ಲಿ ಹೋದರಪ್ಪ?’ ಎಂದು ಮಗು ಕೇಳಿದರೆ, ‘ಎಲ್ಲಿಗೂ ಹೋಗಲಿಲ್ಲ ಕಣೋ, ಉಣ್ಣು’ ಎಂದರೆ ಸಾಕು.